‘ವಾಸ್ತುಶಿಲ್ಪಿ’ ಎಂಬ ಹೆಸರು ಯಾರದು?

ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವ ಬಸ್ಸಿನಲ್ಲಿ, ಹೆಗಲಿಗೆ ನಕ್ಷೆಗಳ ಉದ್ದನೆಯ ಕೊಳವೆಯನ್ನು ತೂಗುಹಾಕಿಕೊಂಡು, ತೊಡೆಯ ಮೇಲೆ ರಟ್ಟಿನ ಪುಟ್ಟ ಮನೆಯೊಂದನ್ನು ಜೋಪಾನವಾಗಿ ಹಿಡಿದು ಕುಳಿತ ವಿದ್ಯಾರ್ಥಿಗಳನ್ನು ವಾಚಕರು ನೋಡಿರಬಹುದು. ಯಶವಂತಪುರದ ಸಮೀಪದ ರಾಮಯ್ಯ ತಾಂತ್ರಿಕ ವಿದ್ಯಾಲಯದಲ್ಲಿಯೂ ಯಲಹಂಕದ ಸುತ್ತಲಿನ ಬಿ.ಎಂ.ಎಸ್., ನಿಟ್ಟೆ, ರೇವಾ ಸಂಸ್ಥೆಗಳಲ್ಲಿಯೂ ವಾಸ್ತುಶಿಲ್ಪವನ್ನು ಕಲಿಯುವವರು ಇವರು. ವ್ಯಾಸಂಗದ ಅವಧಿ 5 ವರ್ಷ. ಅದರೊಳಗೆ ಕೆಲವು ತಿಂಗಳು ಕಚೇರಿಯೊಂದರಲ್ಲಿ ಕೆಲಸ ಕಲಿಯುವುದಕ್ಕೆ ಮೀಸಲು. ಇಷ್ಟನ್ನೂ ಮುಗಿಸಿ ಪದವಿಪತ್ರವನ್ನು ಪಡೆದ ಮರುದಿನ ಇವರು ವಾಸ್ತುಶಿಲ್ಪಿಗಳೆ? ಕಾಯಿದೆಯ ಪ್ರಕಾರ, ಅಲ್ಲ. (ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕೆಂದು ‘ವಾಸ್ತು’ ಹೇಳುವವರ ಮಾತು ಬೇರೆ, ಅವರು ಈ ಲೇಖನದ ವಿಷಯವಲ್ಲ.)

ಈ ಕಟ್ಟು ಬಹಳ ಹಳೆಯದೇನೂ ಅಲ್ಲ. 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಆಟೋ ಕೋನಿಗ್ಸ್‌ಬರ್ಗರ್, ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ ಕಟ್ಟಡವೇ ಮೊದಲಾದವುಗಳನ್ನು ರಚಿಸಿದಾಗ, ವಾಸ್ತುಶಿಲ್ಪಿಗಳ ಹೆಸರನ್ನು ಬರೆದಿಡಬೇಕೆಂಬ ಕಾನೂನು ಈ ದೇಶದಲ್ಲಿ ಇರಲಿಲ್ಲ. ಅದು ಬಂದುದು 1972ರಲ್ಲಿ. ಆ ವರ್ಷದ ವಾಸ್ತುಶಿಲ್ಪಿಗಳ ಕಾಯಿದೆಯು ಪರಿಷತ್ತೊಂದನ್ನು ಸ್ಥಾಪಿಸಿ, ಅರ್ಹರ ಹೆಸರುಗಳಿಗಾಗಿ ಒಂದು ಪಟ್ಟಿಯನ್ನು ಇಡಿಸಿತು. ಆ ಪಟ್ಟಿಯಲ್ಲಿ ಹೆಸರಿಲ್ಲದವರು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವಂತಿಲ್ಲ. ತಪ್ಪಿದರೆ ಮೊದಲ ಸಲಕ್ಕೆ 500 ರೂಪಾಯಿವರೆಗೆ ದಂಡ ಎಂದು ಕಾಯಿದೆಯಲ್ಲಿ ಬರೆದಿದೆ. ಉದ್ಯಾನಗಳನ್ನೂ ಹಡಗುಗಳನ್ನೂ ರೂಪಿಸುವವರಿಗೆ ವಿನಾಯಿತಿಯುಂಟು. ಹೆಬ್ಬಾಳದ ಆಚೀಚೆ ಗಾಜಿನ ಕಟ್ಟಡಗಳಲ್ಲಿ ಕುಳಿತು, ಒಂದು ಇಟ್ಟಿಗೆಯನ್ನೂ ಮುಟ್ಟದೆ, ‘ಸಾಫ್ಟ್‌ವೇರ್ ಆರ್ಕಿಟೆಕ್ಟ್’ ಎನಿಸಿಕೊಳ್ಳುವವರು 1972ರ ಶಾಸಕರ ಕಲ್ಪನೆಗೆ ಬಂದಿರಲಾರರು!

ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಯಿದೆ ಕಾಯುವುದು ಹೆಸರನ್ನು, ಕೆಲಸವನ್ನಲ್ಲ. 2020ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ನೋಂದಣಿಯಿಲ್ಲದವರು ಕಟ್ಟಡ ವಿನ್ಯಾಸದ ಕೆಲಸ ಮಾಡುವುದನ್ನು ಈ ಕಾಯಿದೆ ನಿಷೇಧಿಸುವುದಿಲ್ಲ, ಆ ಬಿರುದನ್ನು ಬಳಸುವುದನ್ನು ಮಾತ್ರ ನಿಷೇಧಿಸುತ್ತದೆ ಎಂದು ತೀರ್ಪಿತ್ತಿತು. ನಮ್ಮ ಊರಿನ ಅನುಭವವೂ ಇದೇ. 2024ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ಸಣ್ಣ ನಿವೇಶನಗಳ ಮನೆಗಳಿಗಾಗಿ ಆರಂಭಿಸಿದ ‘ನಂಬಿಕೆ ನಕ್ಷೆ’ ಯೋಜನೆಯಲ್ಲಿ ವಾಸ್ತುಶಿಲ್ಪಿಗಳಿಗೂ ಎಂಜಿನಿಯರುಗಳಿಗೂ ಅವಕಾಶವಿತ್ತು.

ಪದವೀಧರರಲ್ಲಿ ನೂರಕ್ಕೆ ಎಷ್ಟು ಮಂದಿ ನೋಂದಣಿ ಪಡೆಯುವರು ಎಂಬ ಲೆಕ್ಕವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅಮೆರಿಕದಲ್ಲಿ ಪರವಾನಗಿ ಬೇಕಾದವನು ಸಾಮಾನ್ಯವಾಗಿ 3,740 ಗಂಟೆಗಳ ಅನುಭವವನ್ನು ದಾಖಲಿಸಿ, 6 ಭಾಗಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕಾಲೇಜು ಸೇರಿದಂದಿನಿಂದ ಪರವಾನಗಿ ಕೈಸೇರುವವರೆಗೆ ಸರಾಸರಿ 13 ವರ್ಷಗಳಷ್ಟು ಕಾಲ ಹಿಡಿಯುತ್ತದೆ. ನಮ್ಮಲ್ಲಿಯಾದರೋ ಮನ್ನಣೆ ಪಡೆದ ಪದವಿ ಇದ್ದು, ಭಾರತದಲ್ಲಿ ವಾಸವೋ ವೃತ್ತಿಯೋ ಇದ್ದು, ಶುಲ್ಕ ಕಟ್ಟಿದರೆ ಹೆಸರು ಪಟ್ಟಿಗೆ ಸೇರುತ್ತದೆ. ಅದಕ್ಕೆಂದೇ ಬೇರೊಂದು ಪರೀಕ್ಷೆಯಿಲ್ಲ. ಆದುದರಿಂದ ಅಲ್ಲಿಯ ಅಂಕಿ ಅಳೆಯುವುದು ಪಟ್ಟುಹಿಡಿದು ಕೊನೆ ಮುಟ್ಟಿದವರನ್ನು. ಇಲ್ಲಿಯ ಅಂಕಿ ಅಳೆಯುವುದು ಆ ಹೆಸರಿನ ಅಗತ್ಯ ಬಿದ್ದವರನ್ನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸೇರನ್ನೂ ಮೊಳವನ್ನೂ ಕೂಡಿಸಿದಂತೆ.

ಲೆಕ್ಕದಲ್ಲಿಯೂ ಒಂದು ಮೋಸವಿದೆ. ಉದಾಹರಣೆಗೆ, 40 ವಿದ್ಯಾರ್ಥಿಗಳ ಒಂದು ತರಗತಿಯನ್ನು ಕಲ್ಪಿಸಿಕೊಳ್ಳೋಣ. ಅವರಲ್ಲಿ 32 ಮಂದಿ ಪದವಿ ಪಡೆದರು. 24 ಮಂದಿ ನೋಂದಾಯಿಸಿಕೊಂಡರು. ಸೇರಿದವರನ್ನು ಛೇದವಾಗಿ ಹಿಡಿದರೆ ನೂರಕ್ಕೆ 60; ಪದವೀಧರರನ್ನು ಹಿಡಿದರೆ ನೂರಕ್ಕೆ 75. ಕೆಲವು ವರ್ಷಗಳ ಮೇಲೆ 6 ಮಂದಿ ನವೀಕರಣದ ಶುಲ್ಕವನ್ನು ಕಟ್ಟದೆ ಬಿಟ್ಟರೆ ಉಳಿದವರು 18. ಆಗ ಅದೇ ಪದವೀಧರರಲ್ಲಿ ನೂರಕ್ಕೆ 56. ಮೂರೂ ಸಂಖ್ಯೆಗಳು ನಿಜವೇ. ಕಾಲೇಜಿನ ಪರಿಚಯಪುಸ್ತಕದಲ್ಲಿ ಯಾವುದು ಅಚ್ಚಾಗುವುದೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ಐದು ವರ್ಷಗಳ ಶುಲ್ಕಕ್ಕಾಗಿ ಸಾಲ ಮಾಡಲು ಹೊರಟ ತಂದೆತಾಯಿಗಳು ಛೇದ ಯಾವುದು, ವರ್ಷ ಯಾವುದು ಎಂಬ ಎರಡು ಪ್ರಶ್ನೆಗಳನ್ನಾದರೂ ಕೇಳಬೇಕು.

ಪಟ್ಟಿಗೆ ಸೇರದವರೆಲ್ಲ ಸೋತವರೆಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ಈ ಭಾವನೆಯಿಂದ ಮನೆಯಲ್ಲಿ ಕುಗ್ಗಿ ಕುಳಿತ ತರುಣರನ್ನು ನಾವು ಕಂಡಿದ್ದೇವೆ. ದೊಡ್ಡ ಕಚೇರಿಯಲ್ಲಿ ಸಂಬಳಕ್ಕಿದ್ದು ನಕ್ಷೆ ಬರೆಯುವವನಿಗೆ ತನ್ನ ಸಹಿಯ ಅಗತ್ಯವೇ ಬೀಳದಿರಬಹುದು. ಸಹಿ ಕಚೇರಿಯ ಯಜಮಾನನದು. ಕಟ್ಟಡ ಕಾಮಗಾರಿಯ ಮೇಲ್ವಿಚಾರಣೆ, ಒಳಾಂಗಣ ವಿನ್ಯಾಸ, ಹಳೆಯ ಕಟ್ಟಡಗಳ ಸಂರಕ್ಷಣೆ, ಚಲನಚಿತ್ರಗಳ ಸೆಟ್ಟುಗಳ ರಚನೆ, ಇವೆಲ್ಲಕ್ಕೂ ಇದೇ ತರಬೇತಿ ಒದಗುತ್ತದೆ. ನಗರಯೋಜನೆಗೆ ಹೋಗುವವರು ಮತ್ತೆರಡು ವರ್ಷ ಓದುವರು. ಕಾದಂಬರಿಕಾರ್ತಿ ಅರುಂಧತಿ ರಾಯ್ ಅವರು ಕಲಿತದ್ದು ದೆಹಲಿಯಲ್ಲಿ ವಾಸ್ತುಶಿಲ್ಪವನ್ನೇ. ಇತ್ತ ವಾಸ್ತುಶಿಲ್ಪಿಯೆಂಬ ಹೆಸರಿನಲ್ಲಿ ಸ್ವಂತ ಕಚೇರಿ ತೆರೆಯುವವರಿಗೂ ವಾಸ್ತುಶಿಲ್ಪ ಶಾಲೆಗಳಲ್ಲಿ ಪಾಠ ಹೇಳಬಯಸುವವರಿಗೂ ನೋಂದಣಿ ಬೇಕೇ ಬೇಕು. ಜಕ್ಕೂರಿನಲ್ಲಿ ಚಾರ್ಲ್ಸ್ ಕೊರಿಯಾ ಅವರು ರಚಿಸಿದ ನೆಹರೂ ಉನ್ನತ ವಿಜ್ಞಾನ ಸಂಶೋಧನ ಕೇಂದ್ರವನ್ನು ನೋಡಿ, ಅಂಥದೊಂದನ್ನು ತಾನೂ ತನ್ನ ಹೆಸರಿನಲ್ಲಿ ಕಟ್ಟಬೇಕೆಂದು ಆಸೆಪಡುವ ವಿದ್ಯಾರ್ಥಿಯ ದಾರಿ ಇದು.

ನೋಂದಣಿ ಸಂಖ್ಯೆಯಲ್ಲಿ ‘ಸಿ.ಎ.’ ಎಂಬ ಅಕ್ಷರಗಳು, ನೋಂದಣಿಯಾದ ವರ್ಷ, ಅನಂತರ ಒಂದು ಕ್ರಮಾಂಕ ಇರುತ್ತವೆ. ಕ್ರಮಾಂಕ ಲಕ್ಷವನ್ನು ದಾಟಿದೆಯೆಂದು ಅಷ್ಟು ಜನ ಇಂದು ವೃತ್ತಿಯಲ್ಲಿದ್ದಾರೆಂದು ಭಾವಿಸಬಾರದು. ತೀರಿಹೋದವರ, ವೃತ್ತಿ ಬಿಟ್ಟವರ ಅಂಕೆಗಳೂ ಆ ಎಣಿಕೆಯಲ್ಲಿ ಸೇರಿವೆ. ಶುಲ್ಕ ಕಟ್ಟದೆ ಪಟ್ಟಿಯಿಂದ ಬಿಟ್ಟುಹೋದ ಹೆಸರನ್ನು, ಬಾಕಿಯನ್ನು ಸಲ್ಲಿಸಿ ಮತ್ತೆ ಸೇರಿಸಿಕೊಳ್ಳುವುದಕ್ಕೆ ಕಾಯಿದೆಯಲ್ಲಿಯೇ ಅವಕಾಶವಿದೆ.