ಅಡವಿಟ್ಟ ಬಳೆಗಳು

ಸೋದರಿ, ಮೈದುನನ ವ್ಯಾಪಾರಕ್ಕೆಂದು ನಿಮ್ಮ ತವರಿನ ಬಳೆಗಳನ್ನು ಪತಿಯು ನಿಮಗೆ ತಿಳಿಸದೆ ಬ್ಯಾಂಕಿನಲ್ಲಿ ಅಡವಿಟ್ಟರೆಂಬುದಕ್ಕಿಂತಲೂ, ಅದರ ಚೀಟಿಯು ಬಟ್ಟೆ ಒಗೆಯುವಾಗ ಅವರ ಅಂಗಿಯ ಜೇಬಿನಲ್ಲಿ ನಿಮಗೆ ದೊರೆತುದೇ ನಿಮ್ಮನ್ನು ಹೆಚ್ಚು ನೋಯಿಸಿದೆಯೆಂದು ಪತ್ರದಿಂದ ವೇದ್ಯವಾಗುತ್ತದೆ. ಸ್ತ್ರೀಧನವು ಪತ್ನಿಯದೇ ಸ್ವತ್ತೆಂದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸ್ಪಷ್ಟಪಡಿಸಿರುವುದರಿಂದ ನ್ಯಾಯವು ನಿಮ್ಮ ಕಡೆಗಿದೆ. ಆದರೆ ಅದನ್ನೇ ಮೊದಲ ಮಾತಾಗಿ ಆಡಬೇಡಿರಿ. ತಮ್ಮನಿಗೆ ಇಲ್ಲವೆನ್ನಲಾರದ ದಾಕ್ಷಿಣ್ಯವೂ, ಹೆಂಡತಿಯನ್ನು ಕೇಳಲೊಲ್ಲದ ಅಭಿಮಾನವೂ (ಗಂಡಸರಲ್ಲಿ ಇದು ಅಪರೂಪವಲ್ಲ) ಕೂಡಿ ಅವರಿಂದ ಈ ಕೃತ್ಯವನ್ನು ಮಾಡಿಸಿರಬೇಕು. ಸಂಬಳ ಬಂದ ವಾರದ ಭಾನುವಾರ, ಮಕ್ಕಳು ಮಲಗಿದ ಮೇಲೆ, ಬಾಡಿಗೆ, ಶಾಲೆಯ ಫೀಜು, ಎರಡೂ ಮನೆಗಳಿಗೆ ಕೊಡುವ ನೆರವು ಇವೆಲ್ಲವನ್ನೂ ಇಬ್ಬರೂ ಕುಳಿತು ಒಂದೇ ಪುಸ್ತಕದಲ್ಲಿ ಬರೆದು, ಬಳೆ ಬಿಡಿಸುವ ತಿಂಗಳನ್ನು ಅವರ ಕೈಯಿಂದಲೇ ಬರೆಯಿಸಿರಿ. ಬಡ್ಡಿ ಬೆಳೆಯುತ್ತಿದೆ, ಈ ಭಾನುವಾರವನ್ನು ತಪ್ಪಿಸಬೇಡಿರಿ.