ರೇಡಾರ್ ಕಂಡ ಬಿಂದು, ನಕ್ಷೆಯ ಬಿಂದು

ಬಂಗಾಳ ಕೊಲ್ಲಿಯ ಚಂಡಮಾರುತಗಳ ಮೇಲೆ ಕಣ್ಣಿಡಲು ಭಾರತ ಹವಾಮಾನ ಇಲಾಖೆಯು 2002ರಲ್ಲಿ ಚೆನ್ನೈ ಬಂದರಿನ ಶತಮಾನೋತ್ಸವ ಕಟ್ಟಡದ ಮೇಲೆ ಡಾಪ್ಲರ್ ಹವಾಮಾನ ರೇಡಾರನ್ನು ಸ್ಥಾಪಿಸಿತು. ಅದರ ತಿರುಗುವ ಆಂಟೆನಾ ರೇಡಿಯೋ ತರಂಗಗಳನ್ನು ಬಿಟ್ಟುಬಿಟ್ಟು ಕಳುಹಿಸಿ, ಮಳೆಹನಿಗಳಿಗೆ ತಗುಲಿ ಮರಳಿದ ಅಂಶವನ್ನು ಗ್ರಹಿಸುತ್ತದೆ. ತರಂಗದ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಆದುದರಿಂದ ಹೋಗಿಬರಲು ಹಿಡಿದ ಕಾಲದಿಂದ ದೂರವೂ, ಆಂಟೆನಾ ಮುಖಮಾಡಿದ್ದ ಕಡೆಯಿಂದ ದಿಕ್ಕೂ ತಿಳಿಯುತ್ತವೆ. ಹೀಗೆ ದೂರ ಮತ್ತು ಕೋನಗಳಿಂದ ಸ್ಥಾನವನ್ನು ಹೇಳುವ ಕ್ರಮಕ್ಕೆ ಧ್ರುವೀಯ ನಿರ್ದೇಶಾಂಕ ಪದ್ಧತಿಯೆಂದು ಹೆಸರು.

ಆದರೆ ಕಡಲಿನಲ್ಲಿರುವ ಮೀನುಗಾರನಿಗೆ ಬೇಕಾದುದು ಅಕ್ಷಾಂಶ ಮತ್ತು ರೇಖಾಂಶ. ಆತನಿಗೆ ಚೆನ್ನೈಯಿಂದ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ತಿಳಿಸಬೇಕು. ಇದು ಆಯತೀಯ ನಿರ್ದೇಶಾಂಕ ಪದ್ಧತಿ. ಒಂದರಿಂದ ಇನ್ನೊಂದಕ್ಕೆ ಹೋಗುವ ಲೆಕ್ಕ ಸುಲಭವಾದುದೇ. ಆದರೂ ಎಡವುವ ಸ್ಥಳವೊಂದಿದೆ.

ಗಣಿತದ ಪಠ್ಯಪುಸ್ತಕಗಳು ಕೋನವನ್ನು ಪೂರ್ವದ ಅಕ್ಷದಿಂದ ಅಪ್ರದಕ್ಷಿಣವಾಗಿ ಅಳೆಯುತ್ತವೆ. ಹವಾಮಾನಶಾಸ್ತ್ರಜ್ಞರೂ ನಾವಿಕರೂ ಉತ್ತರದಿಂದ ಪ್ರದಕ್ಷಿಣವಾಗಿ ಅಳೆಯುತ್ತಾರೆ. ಈ ಕೋನವೇ ದಿಗಂಶ. ಆದ್ದರಿಂದ ಇಲ್ಲಿ ಪೂರ್ವದ ಅಂತರಕ್ಕೆ ದೂರವನ್ನು ದಿಗಂಶದ ಸೈನ್‌ನಿಂದಲೂ, ಉತ್ತರದ ಅಂತರಕ್ಕೆ ಕೊಸೈನ್‌ನಿಂದಲೂ ಗುಣಿಸಬೇಕು. ಶಾಲೆಯಲ್ಲಿ ಕಲಿತ ಸೂತ್ರದಲ್ಲಿ ಇವೆರಡೂ ಅದಲುಬದಲಾಗಿರುತ್ತವೆ.

ಚಂಡಮಾರುತದ ಕೇಂದ್ರವು 200 ಕಿ.ಮೀ. ದೂರದಲ್ಲಿ, 120 ಡಿಗ್ರಿ ದಿಗಂಶದಲ್ಲಿದೆ ಎಂದಿಟ್ಟುಕೊಳ್ಳೋಣ. 120 ಡಿಗ್ರಿಯ ಸೈನ್ 0.866; ಪೂರ್ವಕ್ಕೆ 173 ಕಿ.ಮೀ. ಆಯಿತು. ಕೊಸೈನ್ ಋಣ 0.5, ಉತ್ತರಕ್ಕೆ ಋಣ 100, ಅಂದರೆ ದಕ್ಷಿಣಕ್ಕೆ 100 ಕಿ.ಮೀ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ.; ಈ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 108 ಕಿ.ಮೀ. ರೇಡಾರಿನ ಸ್ಥಾನವನ್ನು ಸ್ಥೂಲವಾಗಿ 13.1 ಡಿಗ್ರಿ ಉತ್ತರ, 80.3 ಡಿಗ್ರಿ ಪೂರ್ವ ಎಂದು ಹಿಡಿದರೆ ಚಂಡಮಾರುತದ ಕೇಂದ್ರವು 12.2 ಉತ್ತರ, 81.9 ಪೂರ್ವದಲ್ಲಿ, ನಡುಗಡಲಿನಲ್ಲಿ ನಿಲ್ಲುತ್ತದೆ. (ಭೂಮಿಯನ್ನು ಇಲ್ಲಿ ಸಮತಟ್ಟೆಂದು ಭಾವಿಸಿದ್ದೇವೆ, ದೂರ ಹೆಚ್ಚಿದಂತೆ ಭೂಮಿಯ ವಕ್ರತೆಯನ್ನೂ ಗಣಿಸಬೇಕಾಗುತ್ತದೆ.)

ಇದೇ ಅಂಕಿಗಳಿಗೆ ಶಾಲೆಯ ಸೂತ್ರವನ್ನು ಹಚ್ಚಿದರೆ? ಪಶ್ಚಿಮಕ್ಕೆ 100, ಉತ್ತರಕ್ಕೆ 173 ಕಿ.ಮೀ. ಎಂದು ಉತ್ತರ ಬರುತ್ತದೆ. ನೆಲ್ಲೂರಿಗಿಂತಲೂ ಪಶ್ಚಿಮದ ಒಳನಾಡದು! ಗುಣಾಕಾರದಲ್ಲಿ ತಪ್ಪಿಲ್ಲ, ಆದರೆ ಕಡಲಿನ ಬಿರುಗಾಳಿ ಒಣನೆಲವನ್ನೇರಿತು. 2016ರ ಡಿಸೆಂಬರ್ 12ರಂದು ‘ವರ್ದಾ’ ಚಂಡಮಾರುತವು ಚೆನ್ನೈಯ ಬಳಿಯೇ ದಡವನ್ನು ದಾಟಿತು. ಅಂತಹ ದಿನ ಈ ಬಗೆಯ ತಪ್ಪಿನ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ಹಿಮ್ಮುಖ ಪರಿವರ್ತನೆ. ದೋಣಿಯೊಂದು ರೇಡಾರಿನಿಂದ ಪೂರ್ವಕ್ಕೆ 90, ಉತ್ತರಕ್ಕೆ 120 ಕಿ.ಮೀ. ಅಂತರದಲ್ಲಿದ್ದರೆ, ಪೈಥಾಗೊರಸನ ಪ್ರಮೇಯದಂತೆ ದೂರ 150 ಕಿ.ಮೀ. ಪೂರ್ವದ ಅಂತರವನ್ನು ಉತ್ತರದ ಅಂತರದಿಂದ ಭಾಗಿಸಿದರೆ 0.75, ಟ್ಯಾನ್ 0.75 ಆಗಿರುವ ಕೋನ ಸುಮಾರು 37 ಡಿಗ್ರಿ. ಪಶ್ಚಿಮಕ್ಕೆ 90, ದಕ್ಷಿಣಕ್ಕೆ 120 ಆಗಿದ್ದರೂ ಎರಡು ಋಣಸಂಖ್ಯೆಗಳ ಭಾಗಲಬ್ಧ ಅದೇ 0.75. ಆದರೆ ಆ ಸ್ಥಳ ವಿಲ್ಲುಪುರಂ ಬಳಿಯ ನೆಲ. ಅದರ ದಿಗಂಶ 180 ಡಿಗ್ರಿ ಕೂಡಿಸಿದ 217. ಗಣಕಯಂತ್ರದ ಅನೇಕ ಭಾಷೆಗಳಲ್ಲಿ ಭಾಗಲಬ್ಧದ ಬದಲು ಎರಡೂ ಅಂತರಗಳನ್ನು ಧನ, ಋಣ ಚಿಹ್ನೆಗಳ ಸಹಿತ ಸ್ವೀಕರಿಸಿ ಕೋನವನ್ನು ಕೊಡುವ ಪ್ರತ್ಯೇಕ ಆದೇಶವಿರುವುದು ಇದೇ ಕಾರಣಕ್ಕೆ.