ಸೂಜಿಗೆ ಕರೆಂಟು ಕೊಟ್ಟರೆ ಕಾಲು ಬಂದೀತೇ?

ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡ ತಮ್ಮನಿಗೆ ಎಲೆಕ್ಟ್ರೋಅಕ್ಯುಪಂಕ್ಚರ್ ಮಾಡಿಸಲು ಹೊಲ ಅಡವಿಡಲೇ ಎಂದು ಕೇಳಿದ್ದೀರಿ. ಬೇಡ. ಕೂದಲೆಳೆಯಂಥ ಸೂಜಿ ಚುಚ್ಚಿ, ಅದಕ್ಕೆ ಕ್ಲಿಪ್ ಸಿಕ್ಕಿಸಿ ಸಣ್ಣ ವಿದ್ಯುತ್ ಹಾಯಿಸುವ ಚಿಕಿತ್ಸೆಯಿದು. ಗಾಯಗೊಂಡ ಇಲಿಗಳ ಬೆನ್ನುಹುರಿಯಲ್ಲಿ ಉರಿಯೂತ ತಗ್ಗಿದ್ದು ನಿಜ. ಮನುಷ್ಯರಲ್ಲಿ ನೋವಿಗೆ, ಮೂತ್ರಕೋಶದ ತೊಂದರೆಗೆ ಒಂದಿಷ್ಟು ಉಪಯೋಗ ಕಂಡಿದೆ. ಆದರೆ ಅಧ್ಯಯನಗಳು ಚಿಕ್ಕವು. ತುಂಡಾದ ಹುರಿ ಕೂಡಿಕೊಂಡಿದ್ದಕ್ಕೆ ಪುರಾವೆಯಿಲ್ಲ. ಅಪಾಯವೂ ಇದೆ: ಕರೆಂಟಿನಿಂದ ಸ್ಪರ್ಶವಿಲ್ಲದ ಕಾಲು ಸುಟ್ಟರೂ ತಮ್ಮನಿಗೆ ತಿಳಿಯದು. ಪೆಟ್ಟು ಎದೆಭಾಗದ 6ನೇ ಕಶೇರುಕದ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇದ್ದರೆ ಈ ಚುಚ್ಚುವಿಕೆಯಿಂದ ಬಿಪಿ ದಿಢೀರನೆ ಏರಬಹುದು. ಈ ಚಿಕಿತ್ಸೆಗೆ ಹಣ ಸುರಿಯುವ ಬದಲು ಗಾಳಿಹಾಸಿಗೆ ಕೊಳ್ಳಿ, 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗದಲ್ಲಿ ಒಮ್ಮೆ ತೋರಿಸಿ. ಹಳೆಯ ಎಂಆರ್‌ಐ ಫಿಲ್ಮ್ ಮರೆಯಬೇಡಿ.